ಎರಡು ಬೇಸಿಗೆ, 41 ಔಟ್: ಮೈನರ್ ಲೀಗ್ ಬೇಸ್‌ಬಾಲ್ ಯಾರ ದುಡಿಮೆಯ ಮೇಲೆ ನಿಂತಿದೆ?

ದಿನೇಶ್ ಪಟೇಲ್ ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಬಾಲ್ ಎಸೆಯುತ್ತಿದ್ದಾಗ ಬಿದ್ದ ಔಟ್‌ಗಳು ಒಟ್ಟು 41. 2009ರ ಬೇಸಿಗೆಯಲ್ಲಿ 19, 2010ರ ಬೇಸಿಗೆಯಲ್ಲಿ 22. ಮೊದಲ ವರ್ಷ ಅವರ ಲೆಕ್ಕಕ್ಕೆ ಬಿದ್ದ ರನ್ ಒಂದೇ ಒಂದು. ಎರಡನೇ ವರ್ಷ ಏಳು. 2010ರ ಡಿಸೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಅವರನ್ನು ಕೈಬಿಟ್ಟಿತು. ಅಲ್ಲಿಗೆ ಮುಗಿಯಿತು.

ಈ ಹೆಸರು ಕೆಲವರಿಗೆ ನೆನಪಿರಬಹುದು. 2008ರಲ್ಲಿ ಜೆ.ಬಿ. ಬರ್ನ್‌ಸ್ಟೀನ್ ಎಂಬ ಅಮೆರಿಕದ ಸ್ಪೋರ್ಟ್ಸ್ ಏಜೆಂಟ್ ನಮ್ಮ ದೇಶಕ್ಕೆ ಬಂದು 'ಮಿಲಿಯನ್ ಡಾಲರ್ ಆರ್ಮ್' ಅಂತ ಒಂದು ಟಿವಿ ಸ್ಪರ್ಧೆ ನಡೆಸಿದರು. ಗಲ್ಲಿಗಲ್ಲಿಯಲ್ಲೂ ಕ್ರಿಕೆಟ್ ಆಡುವ ದೇಶದಲ್ಲಿ ಜೋರಾಗಿ ಬಾಲ್ ಎಸೆಯುವ ಒಬ್ಬ ಹುಡುಗನಾದರೂ ಸಿಗಲ್ವಾ ಅನ್ನೋದು ಅವರ ಲೆಕ್ಕಾಚಾರ. 37 ಸಾವಿರಕ್ಕೂ ಹೆಚ್ಚು ಜನ ಬಂದರು. ಕೊನೆಗೆ ಮುಂದೆ ಬಂದ ಇಬ್ಬರೂ ಕ್ರಿಕೆಟಿಗರಲ್ಲ, ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರು. ಭದೋಹಿ ಕಡೆಯ ರಿಂಕು ಸಿಂಗ್ ಗಂಟೆಗೆ 87 ಮೈಲಿ ವೇಗದಲ್ಲಿ ಎಸೆದು ಒಂದು ಲಕ್ಷ ಡಾಲರ್ ಗೆದ್ದರು. (ಐಪಿಎಲ್‌ನಲ್ಲಿ ಐದು ಸಿಕ್ಸರ್ ಬಾರಿಸಿದ ರಿಂಕು ಬೇರೆ, ಇವರು ಬೇರೆ.) ವಾರಾಣಸಿ ಕಡೆಯ ದಿನೇಶ್ ಎರಡನೆಯವರು. ಇಬ್ಬರನ್ನೂ ಲಾಸ್ ಏಂಜಲೀಸ್‌ಗೆ ಕರೆದುಕೊಂಡು ಹೋಗಿ ಟಾಮ್ ಹೌಸ್ ಎಂಬ ಹೆಸರಾಂತ ಪಿಚಿಂಗ್ (ಬಾಲ್ ಎಸೆಯುವ) ಕೋಚ್ ಹತ್ತಿರ ಬಿಟ್ಟರು. ಕೆಲವೇ ತಿಂಗಳ ತರಬೇತಿ ಆದ ಮೇಲೆ, 2008ರ ನವೆಂಬರ್‌ನಲ್ಲಿ, ಪೈರೇಟ್ಸ್ ಇಬ್ಬರಿಗೂ ಒಪ್ಪಂದ ಕೊಟ್ಟಿತು. ಆಮೇಲೆ ಡಿಸ್ನಿಯವರು ಸಿನಿಮಾನೂ ಮಾಡಿದರು.

ಸಿನಿಮಾ ಮುಗಿಯುವುದು ಒಪ್ಪಂದದ ಹೊತ್ತಿಗೆ. ನಮ್ಮ ಪತ್ರಿಕೆಗಳ ಕಥೆಯೂ ಹೆಚ್ಚುಕಡಿಮೆ ಅಲ್ಲಿಗೇ ನಿಂತಿತು, ಆಮೇಲೆ ವರ್ಷಗಳ ನಂತರ 'ಏನಾದರು ಆ ಹುಡುಗರು' ಅಂತ ಒಂದು ಸಣ್ಣ ಸುದ್ದಿ, ಅದರಲ್ಲಿ 'ಯಶಸ್ಸು ಸಿಗಲಿಲ್ಲ' ಅನ್ನೋ ಒಂದು ಸಾಲು. ನನಗೆ ತಕರಾರು ಇರುವುದು ಈ ಸಾಲಿನ ಬಗ್ಗೆ. ದಿನೇಶ್ ಪಟೇಲ್ ಅಮೆರಿಕಕ್ಕೆ ಹೋದ ದಾರಿ ವಿಚಿತ್ರ, ಒಪ್ಪಿಕೊಳ್ಳುತ್ತೇನೆ. ಆದರೆ ಅಲ್ಲಿಂದ ವಾಪಸ್ ಬಂದ ದಾರಿ ವಿಚಿತ್ರವೇನಲ್ಲ. ಮೇಜರ್ ಲೀಗ್ ಅಂದರೆ ಅಲ್ಲಿನ ಅಗ್ರ ಲೀಗ್, ಅದಕ್ಕೆ ಆಟಗಾರರನ್ನು ತಯಾರು ಮಾಡುವ ಕೆಳಗಿನ ಹಂತಗಳೇ ಮೈನರ್ ಲೀಗ್. ಮೈನರ್ ಲೀಗ್‌ಗೆ ಸೇರುವವರಲ್ಲಿ ಮೇಜರ್ ಲೀಗ್ ಮುಟ್ಟುವವರು ಸುಮಾರು ನೂರಕ್ಕೆ ಹತ್ತು ಜನ ಅಂತ ಅಲ್ಲಿನವರೇ ಹೇಳುತ್ತಾರೆ. ಉಳಿದ ತೊಂಬತ್ತು ಜನ ಎರಡು ವರ್ಷ, ನಾಲ್ಕು ವರ್ಷ, ಆರು ವರ್ಷ ಆಡಿ ಮನೆಗೆ ಹೋಗುತ್ತಾರೆ. ಇವರೆಲ್ಲ ಸೋತವರು ಅಂದರೆ ಆ ಲೀಗೇ ಸೋತವರ ಲೀಗ್ ಅನ್ನಬೇಕಾಗುತ್ತದೆ. ಆದರೆ ಲೀಗ್ ಸೋತಿಲ್ಲವಲ್ಲ, ನೂರು ವರ್ಷದಿಂದ ಚೆನ್ನಾಗೇ ನಡೆಯುತ್ತಿದೆ.

ಹೇಗೆ ನಡೆಯುತ್ತದೆ ಅಂತ ನೋಡೋಣ.

ಮೇಜರ್ ಲೀಗ್‌ನಲ್ಲಿ 30 ತಂಡಗಳು. ಒಂದೊಂದರ ಆಡುವ ಪಟ್ಟಿಯಲ್ಲಿ 26 ಜನ, ಒಟ್ಟು 780. ಟಿವಿಯಲ್ಲಿ ಕಾಣುವವರು ಇಷ್ಟೇ. ಇದರ ಕೆಳಗೆ ಒಂದೊಂದು ತಂಡಕ್ಕೂ ನಾಲ್ಕು ಮೆಟ್ಟಿಲು ಇವೆ: ಮೇಲಿನದು ಟ್ರಿಪಲ್-ಎ, ಆಮೇಲೆ ಡಬಲ್-ಎ, ಹೈ-ಎ, ಕಟ್ಟಕಡೆಗೆ ಸಿಂಗಲ್-ಎ. ಅದಕ್ಕೂ ಕೆಳಗೆ ಫ್ಲೋರಿಡಾ, ಅರಿಝೋನಾದಲ್ಲಿ ತಂಡದ ತರಬೇತಿ ಮೈದಾನಗಳಲ್ಲೇ ನಡೆಯುವ ಕಾಂಪ್ಲೆಕ್ಸ್ ಲೀಗ್. ಇನ್ನೂ ಕೆಳಗೆ ಡೊಮಿನಿಕನ್ ರಿಪಬ್ಲಿಕ್‌ನ ಬೇಸಿಗೆ ಲೀಗ್. ಸ್ಯಾನ್ ಹೋಸೆಯಲ್ಲೋ ಡರಹಂನಲ್ಲೋ ಇರುವ ನಮ್ಮವರು ಬೇಸಿಗೆಯ ಸಂಜೆ ಮಕ್ಕಳನ್ನು ಕರೆದುಕೊಂಡು ಕಡಿಮೆ ದುಡ್ಡಿಗೆ ನೋಡಿಬರುವ ಆಟ ಇದೇ. ಸ್ಯಾನ್ ಹೋಸೆ ಜೈಂಟ್ಸ್ ಸಿಂಗಲ್-ಎ, ಡರಹಂ ಬುಲ್ಸ್ ಟ್ರಿಪಲ್-ಎ. ದಿನೇಶ್ ಆಡಿದ್ದು ಮಾತ್ರ ಕಾಂಪ್ಲೆಕ್ಸ್ ಲೀಗ್‌ನಲ್ಲಿ, ಆಗ ಅದರ ಹೆಸರು ಗಲ್ಫ್ ಕೋಸ್ಟ್ ಲೀಗ್. ಊರು ಫ್ಲೋರಿಡಾದ ಬ್ರೇಡನ್‌ಟನ್. ಅಲ್ಲಿ ಟಿಕೆಟ್ ಇಲ್ಲ, ಸ್ಟೇಡಿಯಂ ಅನ್ನುವಂಥದ್ದಿಲ್ಲ, ಪ್ರೇಕ್ಷಕರೂ ಬೆರಳೆಣಿಕೆ. ನಡುಮಧ್ಯಾಹ್ನದ ಉರಿ ಬಿಸಿಲಲ್ಲಿ ಆಟ, ಅಪ್ಪ ಅಮ್ಮ ಯಾರಾದರೂ ಬಂದಿದ್ದರೆ ಅವರು, ಕೈಯಲ್ಲಿ ಸ್ಪೀಡ್ ಗನ್ ಹಿಡಿದ ಒಂದಿಬ್ಬರು, ಅಷ್ಟೇ.

ಈಗ ಒಂದು ಪ್ರಶ್ನೆ. ನಾಳೆ ಸ್ಟಾರ್ ಆಗುತ್ತಾನೆ ಅಂತ ತಂಡ ನಂಬಿರುವುದು ಆ ಮೈದಾನದಲ್ಲಿ ಎಷ್ಟು ಜನರನ್ನು? ಇಬ್ಬರು, ಮೂವರು ಇರಬಹುದು. ಅವರಿಗೆ ಸಹಿ ಹಾಕುವಾಗಲೇ ಲಕ್ಷಗಟ್ಟಲೆ, ಕೆಲವರಿಗೆ ದಶಲಕ್ಷ ಡಾಲರ್ ಬೋನಸ್ ಕೊಟ್ಟಿರುತ್ತಾರೆ. ಆದರೆ ಬೇಸ್‌ಬಾಲ್ ಒಬ್ಬನೇ ಆಡುವ ಆಟವಲ್ಲ. ಆ ಭರವಸೆಯ ಬ್ಯಾಟರ್‌ಗೆ ದಿನಾ ಬಾಲ್ ಎಸೆಯಲು ಯಾರೋ ಬೇಕು. ಎಸೆದದ್ದನ್ನು ಹಿಡಿಯಲು ಒಬ್ಬ ಕ್ಯಾಚರ್ ಬೇಕು. ಮೈದಾನ ತುಂಬಲು ಇನ್ನೂ ಏಳು ಜನ ಬೇಕು, ಎದುರಾಳಿ ತಂಡ ಬೇಕು. ಈ ಉಳಿದವರಿಗೆ ಅಲ್ಲಿ 'ಆರ್ಗ್ ಗೈ' ಅನ್ನುತ್ತಾರೆ, ಸಂಸ್ಥೆಯ ಆಳು ಅಂತ ಇಟ್ಟುಕೊಳ್ಳಿ. ಮೇಲೆ ಹೋಗುತ್ತಾನೆ ಅಂತ ಯಾರೂ ಅಂದುಕೊಂಡಿಲ್ಲ, ಆದರೆ ಅವನಿಲ್ಲದಿದ್ದರೆ ಆಟವೇ ನಡೆಯಲ್ಲ. ಬೇಸರದ ಸಂಗತಿ ಏನಂದರೆ ಇದನ್ನು ಅವನಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅವನು ಅಷ್ಟು ಕಡಿಮೆ ಸಂಬಳಕ್ಕೆ ದುಡಿಯುತ್ತಾನಾ?

ಸಂಬಳ ಎಷ್ಟು ಅಂತ ಕೇಳಿ. ಕೆಳಗಿನ ಲೀಗ್‌ಗಳಲ್ಲಿ ಶುರುವಿನ ಸಂಬಳ ತಿಂಗಳಿಗೆ 1,100 ಡಾಲರ್ ಅಂತ 2014ರಲ್ಲಿ ಕೋರ್ಟಿಗೆ ಹೋದ ಆಟಗಾರರೇ ಬರೆದುಕೊಂಡಿದ್ದಾರೆ. ರೂಪಾಯಿಗೆ ಗುಣಿಸಿ 'ಪರವಾಗಿಲ್ಲವಲ್ಲ' ಅನ್ನಬೇಡಿ, ಬಾಡಿಗೆ, ಊಟ ಎಲ್ಲ ಡಾಲರ್‌ನಲ್ಲೇ ಕೊಡಬೇಕಿತ್ತು. ಅದೂ ಆಟ ನಡೆಯುವ ತಿಂಗಳು ಮಾತ್ರ. ವಸಂತಕಾಲದ ತರಬೇತಿ ಶಿಬಿರಕ್ಕೆ ಆಗ ಸಂಬಳ ಇರಲಿಲ್ಲ, ಚಳಿಗಾಲದಲ್ಲಿ ಮೈ ಸಜ್ಜಾಗಿ ಇಟ್ಟುಕೊಂಡದ್ದಕ್ಕೂ ಇರಲಿಲ್ಲ. ಎರಡು ರೂಮಿನ ಮನೆಯಲ್ಲಿ ಐದಾರು ಹುಡುಗರು, ನೆಲದ ಮೇಲೆ ಗಾಳಿ ತುಂಬಿದ ಹಾಸಿಗೆ, ರಾತ್ರಿಯೆಲ್ಲ ಬಸ್, ಮೂರು ಹೊತ್ತೂ ಪೀನಟ್ ಬಟರ್ ಹಚ್ಚಿದ ಬ್ರೆಡ್. ಆ ಕಾಲದಲ್ಲಿ ಮೈನರ್ ಲೀಗ್ ಆಡಿದ ಯಾರನ್ನು ಕೇಳಿದರೂ ಇದೇ ಕಥೆ.

ಕರಾವಳಿಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಮೇಳದ ತಿರುಗಾಟ ನೆನಪಿಸಿಕೊಳ್ಳಿ. ನವೆಂಬರ್ ಹೊತ್ತಿಗೆ ಹೊರಟರೆ ಮೇ ಕೊನೆಯ ಪತ್ತನಾಜೆಯವರೆಗೆ ದಿನಕ್ಕೊಂದು ಊರು, ರಾತ್ರಿ ಆಟ, ಹಗಲು ನಿದ್ದೆ. ಹೊಸ ಹುಡುಗ ಕೋಡಂಗಿ, ಬಾಲಗೋಪಾಲ ವೇಷದಿಂದ ಶುರು ಮಾಡಬೇಕು. ಮಳೆಗಾಲದಲ್ಲಿ ಬೇರೆ ಕೆಲಸ ನೋಡಿಕೊಳ್ಳಬೇಕು. ಮೈನರ್ ಲೀಗ್ ಬಹುಪಾಲು ಹೀಗೇ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಯಕ್ಷಗಾನದ ಕಲಾವಿದ ಈ ಮೇಳ ಸರಿಹೋಗಲಿಲ್ಲ ಅಂದರೆ ಮುಂದಿನ ವರ್ಷ ಇನ್ನೊಂದು ಮೇಳದ ಯಜಮಾನರನ್ನು ಮಾತಾಡಿಸಬಹುದು. ಮೈನರ್ ಲೀಗ್ ಆಟಗಾರ ಸಹಿ ಹಾಕಿದ ಮೇಲೆ ಆರೇಳು ಸೀಸನ್ ಆ ಒಂದೇ ತಂಡಕ್ಕೆ ಸೇರಿದವನು. ಬೇರೆ ತಂಡ ಜಾಸ್ತಿ ಕೊಡುತ್ತೇನೆ ಅಂದರೂ ಹೋಗುವಂತಿಲ್ಲ. ತಂಡ ಮಾತ್ರ ಅವನನ್ನು ಯಾವತ್ತು ಬೇಕಾದರೂ ಕಳಿಸಬಹುದು. ಅಲ್ಲಿನ ಭಾಷೆಯಲ್ಲಿ ಅದಕ್ಕೆ 'ರಿಲೀಸ್' ಅಂತ ಹೆಸರು, ಕೇಳೋಕೆ ಜೈಲಿಂದ ಬಿಟ್ಟ ಹಾಗಿದೆ.

ಮೈಕೆಲ್ ಜೋರ್ಡನ್ ಕೂಡ ಈ ಬಸ್ ಹತ್ತಿದವರೇ. 1994ರಲ್ಲಿ ಬಾಸ್ಕೆಟ್‌ಬಾಲ್ ಬಿಟ್ಟು ಬರ್ಮಿಂಗ್‌ಹ್ಯಾಂ ಬ್ಯಾರನ್ಸ್ ಎಂಬ ಡಬಲ್-ಎ ತಂಡಕ್ಕೆ 127 ಪಂದ್ಯ ಆಡಿದರು. ಬ್ಯಾಟಿಂಗ್ ಸರಾಸರಿ .202, ಅಂದರೆ ಹತ್ತು ಸಲಕ್ಕೆ ಎರಡು ಹಿಟ್, ಸ್ಟ್ರೈಕ್‌ಔಟ್ ಆದದ್ದು 114 ಸಲ. ಜಗತ್ತಿನ ಅತಿ ದೊಡ್ಡ ಕ್ರೀಡಾಪಟು ಒಬ್ಬರಿಗೆ ಈ ಮಟ್ಟದಲ್ಲೇ ಬಾಲ್ ಸಿಗಲಿಲ್ಲ ಅಂದರೆ ಅಲ್ಲಿನ ಆಟ ಎಷ್ಟು ಕಷ್ಟ ಅಂತ ಲೆಕ್ಕ ಹಾಕಿ. ಅವರ ಮೈನರ್ ಲೀಗ್ ಸಂಬಳ ತಿಂಗಳಿಗೆ 850 ಡಾಲರ್ ಅಂತ ಆಗ ಸುದ್ದಿಯಾಗಿತ್ತು. ಆದರೆ ಅವರ ಬಾಸ್ಕೆಟ್‌ಬಾಲ್ ತಂಡದ ಯಜಮಾನರೇ ಆ ಬೇಸ್‌ಬಾಲ್ ಸಂಸ್ಥೆಗೂ ಯಜಮಾನರು, ಹಳೇ ಸಂಬಳ ನಿಲ್ಲಿಸಲೇ ಇಲ್ಲ. ಆ ಬಸ್ಸಿನಲ್ಲಿ ತಿಂಗಳ ಕೊನೆ ಬಂತಲ್ಲಾ ಅಂತ ಹೆದರದೆ ಕೂತಿದ್ದವರು ಬಹುಶಃ ಅವರೊಬ್ಬರೇ.

ಇಷ್ಟು ಕಡಿಮೆ ಸಂಬಳ ಕೊಡುವುದು ಕಾನೂನಿಗೆ ವಿರುದ್ಧ ಅಲ್ವಾ? ಇಲ್ಲೇ ವಿಷಯ ಸ್ವಾರಸ್ಯಕರವಾಗುವುದು. ಅಮೆರಿಕದಲ್ಲಿ 1938ರಿಂದ ಕನಿಷ್ಠ ವೇತನದ ಕಾನೂನು ಇದೆ. ಬೇಸ್‌ಬಾಲ್‌ಗೆ ಮಾತ್ರ ಮೊದಲಿನಿಂದಲೂ ಮಗನ ಮೇಲಿನ ಮುದ್ದು. ವ್ಯಾಪಾರದಲ್ಲಿ ಒಳಒಪ್ಪಂದ ಮಾಡಿಕೊಳ್ಳಬಾರದು ಅನ್ನುವ ಕಾನೂನು ಬೇಸ್‌ಬಾಲ್‌ಗೆ ಅನ್ವಯಿಸುವುದಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1922ರಲ್ಲೇ ಹೇಳಿಬಿಟ್ಟಿತು. 30 ತಂಡಗಳೂ ಸೇರಿ ಮೈನರ್ ಲೀಗ್‌ಗೆ ಒಂದೇ ಸಂಬಳ ಪಟ್ಟಿ ಇಟ್ಟುಕೊಳ್ಳಲು ಧೈರ್ಯ ಬಂದದ್ದು ಅಲ್ಲಿಂದ. ಬೇರೆ ಯಾವುದೇ ಉದ್ಯಮದ 30 ಕಂಪನಿಗಳು ಹೀಗೆ ಕೂತು ಕೂಲಿ ನಿಗದಿ ಮಾಡಿದರೆ ಮಾರನೇ ದಿನ ಕೇಸು.

2014ರ ಫೆಬ್ರವರಿಯಲ್ಲಿ ಕೊನೆಗೂ ಒಂದು ಕೇಸು ಬಿತ್ತು. ಹಾಕಿದವರಲ್ಲಿ ಮೊದಲ ಹೆಸರು ಏರನ್ ಸೆನ್ನಿ. ಮಿಝೂರಿ ವಿಶ್ವವಿದ್ಯಾಲಯದಲ್ಲಿ ಆಡಿ, 2010ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಪದ್ಧತಿ) ಹತ್ತನೇ ಸುತ್ತಿನಲ್ಲಿ ಮಾರ್ಲಿನ್ಸ್ ತಂಡ ಸೇರಿ, 2013ಕ್ಕೆ ಆಟ ಬಿಟ್ಟವರು. ಇವರದೂ ಸಣ್ಣ ಆಟದ ಬದುಕೇ, ಮೇಜರ್ ಲೀಗ್ ಕಾಣಲಿಲ್ಲ. ಕೇಸು ನಡೆಸಿದ ವಕೀಲ ಗ್ಯಾರೆಟ್ ಬ್ರೋಶುಯಿಸ್ ಕೂಡ ಅದೇ ಕಾಲೇಜಿನ ಪಿಚರ್, ಜೈಂಟ್ಸ್ ತಂಡದ ಮೈನರ್ ಲೀಗ್‌ನಲ್ಲಿ ಆರು ವರ್ಷ ಬಸ್ಸಿನಲ್ಲಿ ಓಡಾಡಿ, ಆಮೇಲೆ ಕಾನೂನು ಓದಿದವರು. ಈ ವ್ಯವಸ್ಥೆಯನ್ನು ಅಲುಗಾಡಿಸಿದವರು ದೊಡ್ಡ ಸ್ಟಾರ್‌ಗಳಲ್ಲ, ಹೀಗೆ ಅರ್ಧಕ್ಕೇ ಬಿಟ್ಟವರು ಅನ್ನೋದು ನನಗೆ ಇಷ್ಟವಾದ ಸಂಗತಿ. ಆಡುತ್ತಿರುವವನು ಬಾಯಿ ತೆರೆದರೆ ರಿಲೀಸ್. ಬಿಟ್ಟು ಬಂದವನಿಗೆ ಆ ಭಯ ಇಲ್ಲವಲ್ಲ.

ತಂಡಗಳ ಉತ್ತರ ಏನಿತ್ತು? ಇವರು ಕೆಲಸಗಾರರಲ್ಲ, ಕಲಿಯುವವರು. ತರಬೇತಿಯಿಂದ ಲಾಭ ತಂಡಕ್ಕಿಂತ ಜಾಸ್ತಿ ಆಟಗಾರರಿಗೇ ಆಗುತ್ತದೆ, ಹಾಗಾಗಿ ಅದಕ್ಕೆ ಸಂಬಳ ಯಾಕೆ ಕೊಡಬೇಕು ಅಂತ. ಕನಸನ್ನೇ ಸಂಬಳದ ಲೆಕ್ಕಕ್ಕೆ ಹಿಡಿಯುವ ವಾದ ಇದು. ಕೋರ್ಟ್ ಏನು ಹೇಳುತ್ತೋ ಅಂತ ಕಾಯದೆ, ಅವರು ಪಾರ್ಲಿಮೆಂಟಿನ ಬಾಗಿಲನ್ನೂ ತಟ್ಟಿದರು. 2018ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತು 2,232 ಪುಟದ ಖರ್ಚುವೆಚ್ಚದ ಮಸೂದೆ ಪಾಸು ಮಾಡಿತು. ಅದರ 1,967ನೇ ಪುಟದಲ್ಲಿ ಮೈನರ್ ಲೀಗ್ ಆಟಗಾರರಿಗೆ ಓವರ್‌ಟೈಮ್ ಕೊಡಬೇಕಿಲ್ಲ, ಸೀಸನ್ ಹೊರಗಿನ ದುಡಿಮೆಗೆ ಕನಿಷ್ಠ ವೇತನವೂ ಬೇಕಿಲ್ಲ ಅನ್ನುವ ಅಂಶ ಸೇರಿಕೊಂಡಿತ್ತು. ಅದರ ಹೆಸರು ಕೇಳಿ: 'ಸೇವ್ ಅಮೆರಿಕಾಸ್ ಪಾಸ್‌ಟೈಮ್ ಆಕ್ಟ್'. ಅಮೆರಿಕದ ಅಚ್ಚುಮೆಚ್ಚಿನ ಆಟವನ್ನು ಕಾಪಾಡುವ ಕಾನೂನಂತೆ. ಯಾರಿಂದ ಕಾಪಾಡಬೇಕಿತ್ತು, ಏಳೂಕಾಲು ಡಾಲರ್ ಗಂಟೆಕೂಲಿ ಕೇಳುವವರಿಂದಲಾ?

ಹಳೆಯ ಕೇಸು ಮಾತ್ರ ನಿಲ್ಲಲಿಲ್ಲ. ಎಂಟು ವರ್ಷ ಎಳೆದಾಡಿ, 2022ರ ಮಾರ್ಚ್‌ನಲ್ಲಿ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಇವರು ವರ್ಷಪೂರ್ತಿ ಕೆಲಸಗಾರರೇ, ತರಬೇತಿಯ ಹೊತ್ತೂ ಕೆಲಸದ ಹೊತ್ತೇ. ವಿಚಾರಣೆ ಶುರುವಾಗುವ ಮೊದಲೇ ಮೇಜರ್ ಲೀಗ್ ರಾಜಿಗೆ ಬಂತು. 18.5 ಕೋಟಿ ಡಾಲರ್. ಕೇಳೋಕೆ ದೊಡ್ಡ ಮೊತ್ತ, ವಕೀಲರ ಶುಲ್ಕ, ಖರ್ಚು ಕಳೆದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಆಟಗಾರರಿಗೆ ಹಂಚಿದರೆ ತಲೆಗೆ ಸರಾಸರಿ ಐದು ಸಾವಿರ ಡಾಲರ್ ಆಸುಪಾಸು.

ಇದೇ ಹೊತ್ತಿಗೆ ಇನ್ನೊಂದು ಕಡೆ ಸಂಘಟನೆ ನಡೆದಿತ್ತು. 2020ರಲ್ಲಿ ಕೋವಿಡ್‌ನಿಂದ ಮೈನರ್ ಲೀಗ್ ಸೀಸನ್ ಪೂರ್ತಿ ರದ್ದಾಯಿತು, ವಾರಕ್ಕೆ 400 ಡಾಲರ್ ಭತ್ಯೆ ಕೊಟ್ಟರು, ನೂರಾರು ಜನರನ್ನು ಮೇ-ಜೂನ್ ಹೊತ್ತಿಗೆ ಮನೆಗೆ ಕಳಿಸಿದರು. ಒಂದು ತಂಡವಂತೂ ಆ 400 ಡಾಲರನ್ನೂ ನಿಲ್ಲಿಸುತ್ತೇವೆ ಅಂದು, ಜನ ಉಗಿದ ಮೇಲೆ ಮಾತು ಬದಲಿಸಿತು. ಡಾಡ್ಜರ್ಸ್ ತಂಡದಲ್ಲಿ ಡೇವಿಡ್ ಪ್ರೈಸ್ ಎಂಬ ಪಿಚರ್ ತನ್ನ ಜೇಬಿನಿಂದ ಒಬ್ಬೊಬ್ಬ ಮೈನರ್ ಲೀಗ್ ಆಟಗಾರನಿಗೂ ಸಾವಿರ ಡಾಲರ್ ಕೊಟ್ಟರು, ಅವರು ಆ ತಂಡಕ್ಕೆ ಆಗಿನ್ನೂ ಒಂದು ಪಂದ್ಯವನ್ನೂ ಆಡಿರಲಿಲ್ಲ. ಈ ಬೇಸಿಗೆ ಹುಡುಗರ ಕಣ್ಣು ತೆರೆಸಿತು ಅನ್ನಬಹುದು. ಮೇಜರ್ ಲೀಗ್ ಆಟಗಾರರಿಗೆ 1966ರಿಂದಲೂ ಬಲವಾದ ಯೂನಿಯನ್ ಇದೆ. ಆದರೆ ಅದರ ಬಾಗಿಲು ಮೈನರ್ ಲೀಗ್‌ನವರಿಗೆ ಮುಚ್ಚಿತ್ತು. 2022ರ ಆಗಸ್ಟ್ ಕೊನೆಯಲ್ಲಿ ಆ ಬಾಗಿಲು ತೆರೆಯಿತು, ಸದಸ್ಯತ್ವದ ಕಾರ್ಡ್ ಹಂಚಿದರು. ಹದಿನೇಳು ದಿನ. ಅಷ್ಟರಲ್ಲಿ ಐದು ಸಾವಿರಕ್ಕೂ ಹೆಚ್ಚು ಆಟಗಾರರ ಯೂನಿಯನ್‌ಗೆ ಮಾನ್ಯತೆ ಸಿಕ್ಕಿತು. ಶತಮಾನದಿಂದ ಆಗದ ಕೆಲಸ.

2023ರ ಮಾರ್ಚ್ ಕೊನೆಗೆ ಮೊದಲ ಒಪ್ಪಂದ ಆಯಿತು. ದಿನೇಶ್ ಆಡಿದ ಕಾಂಪ್ಲೆಕ್ಸ್ ಲೀಗ್‌ನ ವರ್ಷದ ಕನಿಷ್ಠ ಸಂಬಳ 4,800 ಡಾಲರ್ ಇದ್ದದ್ದು 19,800 ಆಯಿತು. ಸಿಂಗಲ್-ಎ 11,000ದಿಂದ 26,200ಕ್ಕೆ, ಡಬಲ್-ಎ 13,800ರಿಂದ 30,250ಕ್ಕೆ, ಟ್ರಿಪಲ್-ಎ 17,500ರಿಂದ 35,800ಕ್ಕೆ ಏರಿತು. ಮನೆ ಕೊಡುವ ಪದ್ಧತಿ 2022ರಲ್ಲೇ ಶುರುವಾಗಿತ್ತು, ಅದು ಗಟ್ಟಿಯಾಯಿತು. 19 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿಗೆ ಸಹಿ ಹಾಕಿದವರ ಏಳು ವರ್ಷದ ಕಟ್ಟು ಆರಕ್ಕೆ ಇಳಿಯಿತು. ಇದು ಸಿರಿತನವಲ್ಲ. ಆದರೆ ಕಾಂಪ್ಲೆಕ್ಸ್ ಲೀಗ್ ಹುಡುಗನ ಸಂಬಳ ಒಂದೇ ಏಟಿಗೆ ನಾಲ್ಕು ಪಟ್ಟು ಆಯಿತು ಅಂದರೆ, ಅದಕ್ಕೂ ಹಿಂದೆ ಕೊಡುತ್ತಿದ್ದದ್ದು ಎಷ್ಟು ನಾಚಿಕೆಗೇಡಿನದು ಅಂತ ನೀವೇ ಯೋಚಿಸಿ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖಾಂತ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ ಕೂಡ. ಆದರೆ ರಿಂಕು ಸಿಂಗ್ ಹತ್ತಿದ ಮೆಟ್ಟಿಲುಗಳನ್ನು ಒಂದು ಸಲ ನೋಡಿ.

ದಿನೇಶ್ ಹೊರಟುಹೋದ ಮೇಲೂ ರಿಂಕು ಉಳಿದರು. ಮೊದಲ ವರ್ಷ ಅವರದೇನೂ ಹೇಳಿಕೊಳ್ಳುವಂಥ ಆಟ ಅಲ್ಲ. ಒಂಬತ್ತು ಇನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಸರಾಸರಿ 5.84 ರನ್ ಕೊಟ್ಟಿದ್ದರು, ದಿನೇಶ್‌ರ ಅಂಕಿ 1.42. ಕಾಗದ ನೋಡಿದವರು ದಿನೇಶೇ ಮುಂದೆ ಬರುತ್ತಾರೆ ಅನ್ನುತ್ತಿದ್ದರು. ಆದರೆ ರಿಂಕು ನಿಧಾನಕ್ಕೆ ಕಲಿತರು. 2010ರಲ್ಲಿ ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಸ್ಪೈಕ್ಸ್, ನಡುವೆ ಆಸ್ಟ್ರೇಲಿಯಾದ ಲೀಗ್, ಡೊಮಿನಿಕನ್ ಲೀಗ್, ಆಮೇಲೆ ವೆಸ್ಟ್ ವರ್ಜೀನಿಯಾ ಪವರ್. 2012ರಲ್ಲಿ ಪವರ್ ತಂಡಕ್ಕೆ 39 ಪಂದ್ಯ ಆಡಿ 3.00 ಸರಾಸರಿ ತಂದರು. ನಾಲ್ಕು ವರ್ಷದ ಹಿಂದೆ ಬೇಸ್‌ಬಾಲನ್ನು ಕೈಯಲ್ಲೂ ಹಿಡಿಯದಿದ್ದ ಹುಡುಗ! ಮೈನರ್ ಲೀಗ್‌ನಲ್ಲಿ ಅದೇ ಅವರ ಕೊನೆಯ ಸೀಸನ್ ಆಯಿತು. ಆಮೇಲಿನ ವರ್ಷಗಳೆಲ್ಲ ಗಾಯ, ಟಾಮಿ ಜಾನ್ ಶಸ್ತ್ರಚಿಕಿತ್ಸೆ. ಮೊಣಕೈಯ ಹರಿದ ಕಟ್ಟಿನ ಜಾಗಕ್ಕೆ ಮೈಯ ಬೇರೆ ಕಡೆಯ ಸ್ನಾಯುರಜ್ಜು ತಂದು ಕಟ್ಟುವ ಆಪರೇಷನ್ ಅದು, ಮತ್ತೆ ಎಸೆಯಲು ವರ್ಷದ ಮೇಲೆ ಬೇಕು. ಎಷ್ಟೋ ಪಿಚರ್‌ಗಳ ಆಟ ಅಲ್ಲಿಗೇ ನಿಲ್ಲುತ್ತದೆ.

ಈಗ ಆ ಮೆಟ್ಟಿಲುಗಳು ಎಲ್ಲಿವೆ? 2020ರ ಕೊನೆಗೆ ಮೇಜರ್ ಲೀಗ್ ತನ್ನ ಮೈನರ್ ಲೀಗ್ ತಂಡಗಳನ್ನು 160ರಿಂದ 120ಕ್ಕೆ ಇಳಿಸಿತು. ಸ್ಪೈಕ್ಸ್ ಆಡುತ್ತಿದ್ದ ನ್ಯೂಯಾರ್ಕ್-ಪೆನ್ ಲೀಗೇ ಮುಚ್ಚಿಹೋಯಿತು, ಆ ತಂಡ ಈಗ ಡ್ರಾಫ್ಟ್‌ಗೆ ಕಾಯುವ ಕಾಲೇಜು ಹುಡುಗರ ಲೀಗ್‌ನಲ್ಲಿದೆ. ಪವರ್ ತಂಡಕ್ಕೆ ಮೇಜರ್ ಲೀಗ್ ನಂಟು ತಪ್ಪಿತು, ಅಟ್ಲಾಂಟಿಕ್ ಲೀಗ್ ಎಂಬ ಸ್ವತಂತ್ರ ಲೀಗ್ ಸೇರಿ ಚಾರ್ಲ್ಸ್‌ಟನ್ ಡರ್ಟಿ ಬರ್ಡ್ಸ್ ಅಂತ ಹೆಸರು ಬದಲಿಸಿಕೊಂಡಿತು. ರಿಂಕು ಏರಿದ ಎರಡು ಮೆಟ್ಟಿಲೂ ಆ ಏಣಿಯಲ್ಲಿ ಈಗ ಇಲ್ಲ. ಡ್ರಾಫ್ಟ್ ಕೂಡ 2019ರಲ್ಲಿ 40 ಸುತ್ತು ಇತ್ತು, 2021ರಿಂದ 20 ಸುತ್ತು. ಯೂನಿಯನ್ ಒಪ್ಪಂದದ ಜೊತೆಗೇ ಇನ್ನೊಂದು ಕತ್ತರಿ ಬಿತ್ತು: ಸೀಸನ್ ನಡೆಯುವಾಗ ಒಂದು ತಂಡ ಅಮೆರಿಕದಲ್ಲಿ ಇಟ್ಟುಕೊಳ್ಳಬಹುದಾದ ಮೈನರ್ ಲೀಗ್ ಆಟಗಾರರ ಮಿತಿ 180 ಇದ್ದದ್ದು 2024ರಿಂದ 165 ಆಯಿತು. 30 ತಂಡಕ್ಕೆ ಹದಿನೈದರಂತೆ 450 ಜಾಗ.

'ನೋಡಿ, ಸಂಬಳ ಜಾಸ್ತಿ ಕೇಳಿದರು, ಕೆಲಸ ಹೋಯಿತು' ಅಂತ ಹೇಳುವವರಿದ್ದಾರೆ. ಇದು ಪೂರ್ತಿ ಸರಿಯಲ್ಲ, ತಾರೀಕು ನೋಡಿದರೆ ಸಾಕು. 40 ತಂಡ ಹೋದದ್ದು, ಡ್ರಾಫ್ಟ್ ಅರ್ಧವಾದದ್ದು ಎಲ್ಲವೂ ಯೂನಿಯನ್ ಹುಟ್ಟುವ ಮೊದಲು. ಆಗ ಯಾರೂ ಸಂಬಳದ ಮಾತುಕತೆಗೆ ಕೂತಿರಲಿಲ್ಲ. ಯೂನಿಯನ್ ಕೈಯಲ್ಲಿ ಸಹಿ ಬಿದ್ದು ಹೋದದ್ದು ಆ ಹದಿನೈದು ಜಾಗ ಮಾತ್ರ. ಇನ್ನು ದುಡ್ಡಿನ ಕಷ್ಟ ಅನ್ನುವ ವಾದ. ಒಂದು ಅಂದಾಜು ಲೆಕ್ಕ ಹಾಕಿ ನೋಡಿದೆ. 165 ಆಟಗಾರರಿಗೆ ತಲಾ 27 ಸಾವಿರ ಡಾಲರ್ ಅಂತ ಹಿಡಿದರೆ ವರ್ಷಕ್ಕೆ 45 ಲಕ್ಷ ಡಾಲರ್ ಹತ್ತಿರ. ಮೇಜರ್ ಲೀಗ್‌ನಲ್ಲಿ ಒಬ್ಬ ಆಟಗಾರನ ಕನಿಷ್ಠ ಸಂಬಳ 2026ಕ್ಕೆ 7 ಲಕ್ಷ 80 ಸಾವಿರ ಡಾಲರ್. ಅಂದರೆ ಕೆಳಗಿನ ಇಡೀ ಫೌಜಿನ ಸಂಬಳ, ಮೇಲೆ ಬೆಂಚಿನಲ್ಲಿ ಕೂರುವ ಆರು ಜನರ ಕನಿಷ್ಠ ಸಂಬಳಕ್ಕೆ ಹೆಚ್ಚುಕಡಿಮೆ ಸಮ. ಮನೆ, ಊಟ, ಕೋಚುಗಳ ಖರ್ಚು ಬೇರೆ ಇದೆ ನಿಜ. ಆದರೂ ಇದು ತಂಡಗಳನ್ನು ಮುಳುಗಿಸುವ ಮೊತ್ತ ಅಂತ ನನಗಂತೂ ಅನ್ನಿಸಲ್ಲ.

ಹಾಗಾದರೆ ಜಾಗ ಯಾಕೆ ಕಡಿಮೆ ಮಾಡಿದರು? ತಂಡಗಳು ಹೇಳುವ ಕಾರಣ ಒಂದಿಷ್ಟು ಒಪ್ಪಬಹುದಾದದ್ದೇ: ಕೆಲವು ಊರಿನ ಮೈದಾನಗಳು ಹಾಳಾಗಿದ್ದವು, ಪ್ರಯಾಣ ವಿಪರೀತ ದೂರ ಇತ್ತು. ಆದರೆ ಮುಖ್ಯ ಕಾರಣ ಬೇರೆ ಅಂತ ನನ್ನ ಊಹೆ. ಈಗ ಹೈಸ್ಪೀಡ್ ಕ್ಯಾಮೆರಾ ಇದೆ, ಬಾಲ್ ಎಷ್ಟು ತಿರುಗಿತು ಅಂತ ಅಳೆಯುವ ಯಂತ್ರ ಇದೆ. ಹುಡುಗ ಪಂದ್ಯ ಆಡುವ ಮೊದಲೇ ಅವನ ಬಗ್ಗೆ ಅಂಕಿಗಳ ರಾಶಿ ಸಿಗುತ್ತದೆ. ನಾಲ್ಕು ವರ್ಷ ಆಡಿಸಿ ನೋಡೋಣ ಅನ್ನುವ ತಾಳ್ಮೆ ಯಾಕೆ ಬೇಕು ಅಂತ ಲೆಕ್ಕದವರು ಕೇಳುತ್ತಾರೆ. ಈ ಲೆಕ್ಕಕ್ಕೆ ಮೊದಲು ಸಿಕ್ಕಿಬೀಳುವುದು ತಡವಾಗಿ ಕುದುರುವವರು. ಮೊದಲ ವರ್ಷ 5.84 ಕೊಟ್ಟು ನಾಲ್ಕನೇ ವರ್ಷ 3.00ಕ್ಕೆ ಬರುವಂಥವರು. ಇಂದು ಯಾವುದಾದರೂ ತಂಡ ಒಬ್ಬ ಜಾವೆಲಿನ್ ಎಸೆತಗಾರನಿಗೆ 165ರಲ್ಲಿ ಒಂದು ಜಾಗ ಕೊಟ್ಟು ನಾಲ್ಕು ವರ್ಷ ಕಾಯುತ್ತದೆಯೇ? ನನಗೆ ನಂಬಿಕೆ ಇಲ್ಲ.

ನಮ್ಮಲ್ಲಿ ಆಟಗಾರನಿಗೆ ಇನ್ನೊಂದು ದಾರಿ ಇದೆ. ರೈಲ್ವೆ, ಬ್ಯಾಂಕು, ಸೇನೆ, ಪೊಲೀಸ್ ಇಲಾಖೆಯ ಕ್ರೀಡಾ ಕೋಟಾದ ನೌಕರಿ. ಅದರಲ್ಲಿ ಕೊರತೆ ಸಾವಿರ ಇರಬಹುದು, ಆದರೆ ಆಟ ನಿಂತರೂ ತಿಂಗಳ ಸಂಬಳ ನಿಲ್ಲುವುದಿಲ್ಲ. ರಣಜಿ ಆಡಿ ಭಾರತ ತಂಡಕ್ಕೆ ಹೋಗದ ಎಷ್ಟೋ ಜನ ಬೆಂಗಳೂರಿನಲ್ಲಿ ಬ್ಯಾಂಕಿನ ಕೌಂಟರ್ ಹಿಂದೆ ಕೂತು ನಿವೃತ್ತರಾಗಿದ್ದಾರೆ. ರಣಜಿಯಲ್ಲಿ ಹೊಸ ಆಟಗಾರನಿಗೂ ದಿನಕ್ಕೆ 40 ಸಾವಿರ ರೂಪಾಯಿ ಪಂದ್ಯ ಶುಲ್ಕ ಅಂತ 2021ರಲ್ಲಿ ಬಿಸಿಸಿಐ ನಿಗದಿ ಮಾಡಿತು. ಅಮೆರಿಕದ ಮೈನರ್ ಲೀಗ್ ಹುಡುಗನಿಗೆ ಅಂಥ ನೌಕರಿಯ ಆಸರೆ ಇಲ್ಲ. ಕಾಲೇಜು ಅರ್ಧಕ್ಕೆ ಬಿಟ್ಟಿದ್ದರೆ ಇಪ್ಪತ್ತೈದನೇ ವಯಸ್ಸಿಗೆ ಮೊದಲಿಂದ ಶುರು. ದಿನೇಶ್ ಊರಿಗೆ ಬಂದು ಓದು ಹಿಡಿದರು, ಮತ್ತೆ ಜಾವೆಲಿನ್ ಕೈಗೆತ್ತಿಕೊಂಡರು. ರಿಂಕು ಅಮೆರಿಕದಲ್ಲೇ ಉಳಿದು 2018ರಲ್ಲಿ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಸೇರಿದರು. ಉದ್ದ ಕೂದಲು, ಹಣೆಗೆ ವಿಭೂತಿ, ಕಪ್ಪು ಬಟ್ಟೆಯ ವೀರ್ ಮಹಾನ್ ಅಂತ ಟಿವಿಯಲ್ಲಿ ನೋಡಿರುತ್ತೀರಿ. ಪಿಚರ್ ಆಗಿದ್ದಾಗ ಸಿಗದಷ್ಟು ಜನಪ್ರಿಯತೆ ಅಲ್ಲಿ ಸಿಕ್ಕಿತು, ಅದರ ಬಗ್ಗೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ.

ಇನ್ನೊಂದು ಮಾತು ಬಿಟ್ಟುಹೋಗಬಾರದು. ರಿಂಕು ಸ್ವಲ್ಪ ದಿನ ಆಡಿದ ಡೊಮಿನಿಕನ್ ಬೇಸಿಗೆ ಲೀಗ್ ಈ ಯೂನಿಯನ್ ಒಪ್ಪಂದದೊಳಗೆ ಬರುವುದಿಲ್ಲ. ಅಲ್ಲಿ ಆಡುವವರು ಹೆಚ್ಚಿನವರು ಹದಿನಾರು, ಹದಿನೇಳನೇ ವಯಸ್ಸಿಗೆ ಸಹಿ ಹಾಕಿದ ಡೊಮಿನಿಕನ್, ವೆನೆಜುವೆಲಾದ ಮಕ್ಕಳು. ಅಮೆರಿಕದ ಹುಡುಗನ ಸಂಬಳ ಏರಿದಾಗ ಅವರ ಸಂಬಳ ಅದರ ಜೊತೆ ಏರಲಿಲ್ಲ. ಅಮೆರಿಕದಲ್ಲಿ 15 ಜಾಗ ಕಡಿಮೆಯಾದರೆ ಅವರಿಗೆ ಸಮುದ್ರ ದಾಟುವ ಅವಕಾಶವೂ ಅಷ್ಟು ಕಡಿಮೆ.

ಮೇಜರ್ ಲೀಗ್ ಆಟಗಾರರ ಒಪ್ಪಂದ ಮುಗಿಯುವುದು 2026ರ ಡಿಸೆಂಬರ್ 1ಕ್ಕೆ. ಪತ್ರಿಕೆಗಳ ಕಣ್ಣೆಲ್ಲ ಅದರ ಮೇಲೆ. ಮೈನರ್ ಲೀಗ್ ಒಪ್ಪಂದ ಇನ್ನೂ ಒಂದು ಸೀಸನ್ ಇದ್ದು, 2027ಕ್ಕೆ ಮುಗಿಯುತ್ತದೆ. ತಂಡಗಳ ಜೊತೆಗಿನ 120 ಲೈಸೆನ್ಸ್‌ಗಳ ಅವಧಿ 2030ರವರೆಗೆ. ಆ ಮಾತುಕತೆ ಬಂದಾಗ ಸಂಬಳ 19,800ರಿಂದ ಎಷ್ಟಕ್ಕೆ ಏರಿತು ಅನ್ನುವುದು ತಲೆಬರಹ ಆಗುತ್ತದೆ. ನಾನಂತೂ ಮೊದಲು ಹುಡುಕುವುದು 165 ಅನ್ನುವ ಅಂಕಿ ಎಲ್ಲಿಗೆ ಬಂತು ಅಂತ. ಅದು 150 ಆದರೆ, ಬ್ರೇಡನ್‌ಟನ್‌ನ ಮಧ್ಯಾಹ್ನದ ಬಿಸಿಲಲ್ಲಿ 41 ಔಟ್ ಮಾಡಿ ಹೋಗುವವನಿಗೆ ಆ 41 ಕೂಡ ಸಿಗುವುದಿಲ್ಲ.